ಶಹಾಬಾದ ಕಲ್ಲಿನ ಮೇಲೆ ರೋಮಿನ ಕಾಸು

ಓದಿದವರ ಕೈಗೆ ಏನು ಸಿಕ್ಕರೂ ಅದನ್ನು ಸುಮ್ಮನೆ ಇದ್ದಂತೆ ಇರಗೊಡುವುದಿಲ್ಲ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು, ಅದೂ ಇತಿಹಾಸದಲ್ಲಿ. ಸೇಡಮಿನ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಮನೆಯ ಬಾಗಿಲ ಫಲಕದಲ್ಲಿ ಹೆಸರಿಗಿಂತ ಪದವಿಯ ಅಕ್ಷರಗಳೇ ದಪ್ಪಗಿವೆ. ವಾಡಿ ಸ್ಟೇಷನ್ನಿನಲ್ಲಿ ಚೀಲ ಹೊತ್ತು ಓದಿದವನು, ಆ ದಪ್ಪಕ್ಕೆ ಕ್ಷಮೆ ಕೇಳುವುದಿಲ್ಲ. ಕೇಳಬೇಕಾದ ಕ್ಷಮೆ ಬೇರೆಯೇ ಇದೆ.

ಅಪ್ಪ ಕಾಗಿಣಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ. ಬೀಸುವ ಬಲೆಯ ಅಂಚಿಗೆ ಭಾರಕ್ಕೆಂದು ಸೀಸದ ಗುಂಡು ಕಟ್ಟುತ್ತಾರೆ. ಗುಂಡು ಉದುರಿದ ಕಡೆ ಅಪ್ಪ ಮರಳಲ್ಲಿ ಸಿಕ್ಕ ಹಳೆಯ ತಾಮ್ರದ ಕಾಸುಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡಿದ್ದ. ಒಟ್ಟು ಹನ್ನೊಂದು. ಮೀನು ಹಿಡಿಯುವುದು ಬಿಟ್ಟ ಮೇಲೂ ಅವನ್ನು ಎರಡು ಗಂಟು ಮಾಡಿ ಇಟ್ಟಿದ್ದ. "ಇವು ಅಣ್ಣಗೋಳು, ಇವು ತಮ್ಮಗೋಳು. ಕೂಡಿಸಿ ಕಟ್ಟಿದ್ರ ಬಲಿ ದುಂಡಗ ಬೀಳಂಗಿಲ್ಲ," ಎನ್ನುತ್ತಿದ್ದ. ತುಸು ದೊಡ್ಡವು ಯಾವುವು, ಸಣ್ಣವು ಯಾವುವು ಎಂದು ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಬೇರೆ ಮಾಡುತ್ತಿದ್ದ. ಮೀನುಗಾರರ ಲೆಕ್ಕ ಎಂದು ನಾನು ನಕ್ಕಿದ್ದೆ.

ಕಾಲೇಜಿನಲ್ಲಿ ಹಳೆಯ ವಸ್ತುಗಳಿಗೊಂದು ಗಾಜಿನ ಕಪಾಟು ಬಂತು; ಒಂದೊಂದರ ಮುಂದೆ ವಸ್ತುವಿನ ಹೆಸರು, ಕೊಟ್ಟವರ ಹೆಸರು ಅಚ್ಚು ಹಾಕಿದ ಚೀಟಿ ಇಡುವುದೆಂದಾಯಿತು. ಅಪ್ಪನ ಕಾಸುಗಳನ್ನು ಅಲ್ಲಿಡೋಣವೆಂದು ಫೋಟೊ ತೆಗೆದು ಕಲಬುರಗಿಯಲ್ಲಿರುವ ನಿವೃತ್ತ ಗುರುಗಳೊಬ್ಬರಿಗೆ ಕಳಿಸಿದೆ, ನಾಣ್ಯ ಬಲ್ಲವರು. "ರೋಮಿನವು ಅವ. ಚಿಲ್ಲರ ಕಾಸು. ಯಾವ ಚಿಲ್ಲರ ಅಂತ ಕೈಯಾಗ ಹಿಡದು ಹೇಳ್ತೀನಿ, ರವಿವಾರ ತಗೊಂಡು ಬರ್ರಿ," ಎಂದರು. ಅಪ್ಪ ಕೇಳಿದ್ದು ಒಂದೇ: "ಚೀಟ್ಯಾಗ ನನ್ನ ಹೆಸರು ಬರ್ತದೇನು?" ರೇಷನ್ ಕಾರ್ಡು ಬಿಟ್ಟರೆ ಅವನ ಹೆಸರು ಎಲ್ಲೂ ಅಚ್ಚಾದದ್ದಿಲ್ಲ. "ನಿನ್ನ ಹೆಸರೂ ಬರ್ತದ, ಕಾಸಿನ ಹೆಸರೂ ಬರ್ತದ," ಎಂದು ಮಾತು ಕೊಟ್ಟೆ.

ಅಲ್ಲಿಗೇ ನಿಲ್ಲಬೇಕಿತ್ತು. ಗುರುಗಳ ಮುಂದೆ ಹಸಿರು ಕಿಲುಬು ಹಿಡಿದ ಕಾಸು ಇಡುವುದೇ? ಎರಡೂ ಗಂಟು ಬಿಚ್ಚಿ ಹುಣಸೆ ನೀರಿನ ಒಂದೇ ಬೋಗುಣಿಗೆ ಸುರಿದೆ. ಮೂರು ದಿನ ನೆನೆಸಿ, ಇಟ್ಟಿಗೆ ಪುಡಿ ಹಾಕಿ, ಅಂಗಳದ ಶಹಾಬಾದ ಕಲ್ಲಿನ ಮೇಲೆ ತಿಕ್ಕಿದೆ. ದೊಡ್ಡ ಕಾಸಿನಲ್ಲಿ ದೊಡ್ಡ ರಾಜನ ಮುಖ ಇರಬೇಕೆಂದು ಅವನ್ನೇ ಹೆಚ್ಚು ತಿಕ್ಕಿದೆ, ಅಂಚನ್ನೂ ಬಿಡಲಿಲ್ಲ. "ಮನ್ಯಾಗಿನ ಹಂಡೆ ಒಂದಿನಾನೂ ತಿಕ್ಕಿಲ್ಲ ನೀವು, ರೋಮಿನವ್ರ ಭಾಂಡಿ ತಿಕ್ಕಲಿಕತ್ತೀರಿ," ಎಂದಳು ನನ್ನ ಹೆಂಡತಿ. ಅಪ್ಪ ಕಟ್ಟೆಯ ಮೇಲಿಂದ, "ನದಿ ಇಷ್ಟ ವರ್ಷ ತೊಳದದ, ನಿಂದೇನು ಹೆಚ್ಚಿಂದು?" ಎಂದ. ಇತಿಹಾಸ ಓದದವರ ಮಾತು ಎಂದು ಇನ್ನೊಂದು ಹಿಡಿ ಇಟ್ಟಿಗೆ ಪುಡಿ ಹಾಕಿದೆ.

ರವಿವಾರ ಗುರುಗಳು ಫಳಫಳ ಹೊಳೆಯುವ ಹನ್ನೊಂದು ಬಿಲ್ಲೆಗಳನ್ನು ನೋಡಿ ಕನ್ನಡಕ ತೆಗೆದರು. "ರಾಜನ ಮಾರಿ ಯಾರಿಗೆ ಬೇಕಾಗಿತ್ತರಿ? ಇಂಥ ಸಣ್ಣ ಕಾಸಿನ ಮಾರಿ ಹೆಂಗಿದ್ರೂ ಸವದಿರ್ತದ. ಅಗಲ ಅಳದು, ತೂಕ ಮಾಡಿ, ಇದು ದೊಡ್ಡದು ಇದು ಸಣ್ಣದು ಅಂತ ಹೇಳ್ತೀವಿ. ನೀವು ಅದನ್ನೇ ತಿಕ್ಕಿ ತೆಗದೀರಿ."

ಬರುವ ದಾರಿಯಲ್ಲಿ ಚಿತ್ತಾಪುರದ ಪತ್ತಾರನ ಅಂಗಡಿಗೆ ಹೊಕ್ಕು ಬಂಗಾರದ ತಕ್ಕಡಿಯಲ್ಲಿ ತೂಗಿಸಿದೆ. ಒಂದಕ್ಕೂ ಇನ್ನೊಂದಕ್ಕೂ ಗುಂಜಿಯಷ್ಟೂ ಫರಕು ಬರಲಿಲ್ಲ. ಕೊನೆಗೆ ಮನೆಗೆ ಬಂದು ಅಪ್ಪನ ಅಂಗೈಗೆ ಸುರಿದೆ. ಅವನು ಕಣ್ಣು ಮುಚ್ಚಿ ಒಂದೊಂದನ್ನೇ ಬೆರಳಲ್ಲಿ ಹೊರಳಿಸಿದ, ಭಾಳ ಹೊತ್ತು. "ಎಲ್ಲಾ ತಮ್ಮಗೋಳೇ ಆಗ್ಯಾವಲೋ," ಎಂದು ವಾಪಸು ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಕಪಾಟು ತೆರೆದ ದಿನ ಅಪ್ಪ ತಲೆಗೆ ಬಿಳಿ ಪಟಗಾ ಸುತ್ತಿಕೊಂಡು ಬಂದ. ಚೀಟಿ ಬರೆಸಿದವರು ಗುರುಗಳು. ನಮ್ಮ ಮನೆಗೆ ಬಂದ ಪ್ರತಿ ಕಾಗದವನ್ನೂ ಅಪ್ಪನಿಗೆ ಓದಿ ಹೇಳುತ್ತ ಬಂದವನು ನಾನೇ, ಒಂದು ಅಕ್ಷರ ಬಿಟ್ಟವನಲ್ಲ. ಅಂದು ಅವನ ಹೆಸರು, ಊರು, "ಮೀನುಗಾರರು" ಎಂಬುದನ್ನು ಆ ಸಾಲು ತೋರಿಸುತ್ತ ಓದಿ ನಿಲ್ಲಿಸಿದೆ. ಅಪ್ಪ ಗಾಜಿನ ಮೇಲೆ ಬೆರಳಿಟ್ಟು ಸಾಲುಗಳ ಉದ್ದಕ್ಕೆ ಗೇಣು ಹಾಕಿದ.

"ನನ್ನ ಹೆಸರಿನ ಮ್ಯಾಲೆ ಇನ್ನೊಂದು ಸಾಲು ಅದ. ಅದು ಇದಕ್ಕಿಂತ ಉದ್ದ ಅದ. ಅದನ್ಯಾಕ ಬಿಟ್ಟಿ?"

ಓದಿದೆ: "ರೋಮಿನ ಚಿಲ್ಲರೆ ಕಾಸುಗಳು. ಅತಿಯಾಗಿ ಉಜ್ಜಿರುವುದರಿಂದ ಯಾವ ಕಾಸೆಂದು ಗುರುತಿಸಲಾಗದು."

ಅಪ್ಪ ಬೆರಳನ್ನು ಆ ಸಾಲಿನ ಕೊನೆಯವರೆಗೂ ಸರಿಸಿದ. "ಉಜ್ಜಿದವನ ಹೆಸರು ಬರದಿಲ್ಲೇನು?"

ಬರೆದಿರಲಿಲ್ಲ. ಎಲ್ಲಿ ಹೆಸರು ಹಾಕಿದರೂ ಪದವಿ ಸೇರಿಸಿ ಹಾಕಿರೆಂದು ಜಗಳ ತೆಗೆಯುವವನು, ಅಂದು ಮಾತ್ರ ಸುಮ್ಮನೆ ಅಪ್ಪನ ಕೈ ಹಿಡಿದು ಮೆಟ್ಟಿಲು ಇಳಿಸಿದೆ.