ನನ್ನ ಶ್ರುತಿಗೆ ನೀವೇ ಬನ್ನಿ

ನಮ್ಮ ಮದುವೆಗೆ ನಲವತ್ತು ವರ್ಷ ತುಂಬಿದ ಸಮಾರಂಭದಲ್ಲಿ ನಮ್ಮ ಹಾಡಿಗೆ ಮೌತ್ ಆರ್ಗನ್ ನುಡಿಸುವವನು ನನ್ನ ಷಡ್ಡಕ ಪರ್ನೆಲ್ ಎಂದು ನನ್ನ ಹೆಂಡತಿ ವರ್ಲೀನ್ ತೀರ್ಮಾನ ಮಾಡಿಬಿಟ್ಟಳು. ನೀವೇ ಹೇಳಿ, ಇದು ನ್ಯಾಯವೇ? ಮದುವೆ ನನ್ನದು, ಹಾಡುವ ಹೆಂಡತಿ ನನ್ನವಳು, ಹಾಡು ನಮ್ಮಿಬ್ಬರದು. ಉಸಿರು ಮಾತ್ರ ಪರ್ನೆಲ್‌ನದು!

ಆ ಹಾಡಿನ ವಿಷಯ ಸ್ವಲ್ಪ ಹೇಳಬೇಕು. ಅವಳ ಚಿಕ್ಕಮ್ಮನ ಮನೆಯ ರೇಡಿಯೋದಲ್ಲಿ ಅದು ಬರುತ್ತಿದ್ದಾಗಲೇ ನಾವಿಬ್ಬರೂ ಮೊದಲ ಸಲ ಜೊತೆಯಾಗಿ ಕುಣಿದದ್ದು. (ನಾನು ಅವಳ ಹೆಬ್ಬೆರಳು ತುಳಿದೆ. ಆ ಹೆಬ್ಬೆರಳಿನ ಪ್ರಸ್ತಾಪ ಈಗಲೂ ವಾರಕ್ಕೊಮ್ಮೆ ಬರುತ್ತದೆ.) ಹಾಡಿನ ನಡುವೆ ಹಾಡುವವಳು ಸುಮ್ಮನಾಗುತ್ತಾಳೆ. ಆಗ ಒಂದು ಮೌತ್ ಆರ್ಗನ್, ರೈಲು ಹೊರಟುಹೋದ ಮೇಲೆ ಸ್ಟೇಷನ್ನಿನಲ್ಲಿ ಒಬ್ಬನೇ ಉಳಿದವನ ಹಾಗೆ, ಒಂದಿಷ್ಟು ಅತ್ತು ಹೋಗುತ್ತದೆ. ಅಷ್ಟೇ. ಕೆಂಪು ದೀಪ ಹಸಿರಾಗುವಷ್ಟರಲ್ಲಿ ಮುಗಿಯಿತು. (ಮೆಂಫಿಸ್ ನಗರದಲ್ಲಿ ಬಸ್ಸು ಓಡಿಸಿಯೇ ಕೂದಲು ಬೆಳ್ಳಗಾದವನು ನಾನು. ಕಾಲವನ್ನು ಅಳೆಯಲು ಬೇರೆ ಮಾಪನ ನನಗೆ ತಿಳಿಯದು.)

ಇನ್ನು ಪರ್ನೆಲ್. ವರ್ಲೀನಳ ಅಕ್ಕನ ಗಂಡ. ಅವನ ಸೊಂಟಕ್ಕೊಂದು ಚರ್ಮದ ಪಟ್ಟಿ, ಅದರ ತುಂಬ ಗುಂಡುಗಳ ಹಾಗೆ ಸಾಲಾಗಿ ಸಿಕ್ಕಿಸಿದ ಮೌತ್ ಆರ್ಗನ್‌ಗಳು. ಚರ್ಚಿನ ಮೀನೂಟದ ದಿನ ಅವನು ಕಣ್ಣು ಮುಚ್ಚಿ ಅದರಲ್ಲೊಂದನ್ನು ಎಳೆದನೆಂದರೆ ಸಾಕು, ಹೆಂಗಸರೆಲ್ಲ ಬಾಣಲೆಯಲ್ಲಿ ಮೀನು ಕರಕಲಾಗುತ್ತಿದ್ದರೂ ಎದೆಯ ಮೇಲೆ ಕೈಯಿಟ್ಟು ನಿಂತುಬಿಡುತ್ತಾರೆ. ನನ್ನವಳೂ ನಿಲ್ಲುತ್ತಾಳೆ. ನಿಂತದ್ದಲ್ಲದೆ, "ಉಸಿರು ಅಂದ್ರೆ ಅದು!" ಎಂದು ನನ್ನ ಕಡೆ ನೋಡುತ್ತಾಳೆ, ನಾನೇನೋ ಈ ವಯಸ್ಸಿನವರೆಗೆ ಉಸಿರನ್ನು ನೆರೆಮನೆಯಿಂದ ಎರವಲು ತಂದು ಬದುಕಿದವನ ಹಾಗೆ.

"ಪರ್ನೆಲ್ ಬೇಡ. ನಾನೇ ನುಡಿಸ್ತೀನಿ" ಎಂದೆ.

ವರ್ಲೀನ್ ಅಡುಗೆಮನೆಯ ತೊಟ್ಟಿಯಲ್ಲಿ ಸೊಪ್ಪು ತೊಳೆಯುತ್ತಿದ್ದಳು. ತಿರುಗಲೂ ಇಲ್ಲ.

"ಏನನ್ನ?"

"ಮೌತ್ ಆರ್ಗನ್ನ."

"ಲೆಮ್, ನೀನು ಸಿಳ್ಳೆ ಹೊಡೆದ್ರೇನೇ ಪಕ್ಕದ ಮನೆ ನಾಯಿ ಅಳುತ್ತೆ."

"ಕಲೀತೀನಿ."

ಈಗ ತಿರುಗಿದಳು. ಕೈಯಲ್ಲಿದ್ದ ಸೊಪ್ಪಿನಿಂದ ನೀರು ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. "ರಿಟೈರ್ ಆದ್ಮೇಲೆ ಮೀನು ಹಿಡಿಯೋದು ಕಲಿತೆ. ನೀನು ಹಾಕಿದ ಹುಳ ತಿಂದು ಮಿಸಿಸಿಪ್ಪಿ ಮೀನೆಲ್ಲಾ ದಪ್ಪ ಆದ್ವು. ಗಡಿಯಾರ ರಿಪೇರಿ ಕಲಿತೆ. ಈಗ ಗಂಟೆ ಎಷ್ಟಾಯ್ತು ಅಂತ ನಾನು ಎದುರುಮನೆಗೆ ಹೋಗಿ ಕೇಳ್ಬೇಕು. ಸುರು ಮಾಡ್ತೀಯ, ಮುಗಿಸಲ್ಲ. ನನ್ನ ಪಾರ್ಟಿ ಮೇಲೆ ಪ್ರಯೋಗ ಬೇಡ. ಆ ತಗಡು ಈ ಮನೇಲಿ ಬಾಯಿಗಿಟ್ಟೆಯೋ, ಊಟಕ್ಕೆ ಬೇರೆ ಮನೆ ನೋಡ್ಕೋ!"

ನಮ್ಮ ಮನೆಯಲ್ಲಿ ಬಾಯಿ ಎಂಬ ಅಂಗ ಇರುವುದು ಒಬ್ಬರಿಗೇ. ಎರಡನೆಯದಕ್ಕೆ ಅನುಮತಿ ಸಿಗಲಿಲ್ಲ.

ಆದರೆ "ಮುಗಿಸಲ್ಲ" ಎಂದದ್ದು ಎಲ್ಲೋ ಒಳಗೆ ನಾಟಿತು. ಬಸ್ಸಿನಲ್ಲಿದ್ದಾಗ ನಾನು ಬಾಗಿಲು ತೆರೆದರೆ ಊರು ಹತ್ತುತ್ತಿತ್ತು, ಮುಚ್ಚಿದರೆ ಊರು ಕಾಯುತ್ತಿತ್ತು. ಈಗ? ವರ್ಲೀನಳಿಗೆ ತಾನು ನಡೆಸುವ ಚರ್ಚಿನ ಗಾಯಕಮೇಳವಿದೆ, ಅಕ್ಕ ಇದ್ದಾಳೆ, ಗೆಳತಿಯರಿದ್ದಾರೆ. ನನಗೆ ಸೋಫಾ ಇದೆ. ದಿನದಲ್ಲಿ ಅವಳು ನನ್ನೊಡನೆ ನಡೆಸುವ ಸಂಭಾಷಣೆಯೆಂದರೆ, ಕಸ ಹೊಡೆಯುವ ಯಂತ್ರ ಹಿಡಿದು ಬಂದು "ಕಾಲೆತ್ತು" ಎನ್ನುವುದು. ನಾನು ಎತ್ತುತ್ತೇನೆ. ಅಲ್ಲಿಗೆ ದಾಂಪತ್ಯದ ಮಾತುಕತೆ ಮುಗಿಯುತ್ತದೆ.

ಅದೇ ಸೋಫಾದ ಮೇಲೆ ನನಗೆ ಜ್ಞಾನೋದಯವಾಯಿತು. ಇಡೀ ವಾದ್ಯ ಕಲಿಯುವ ಮೂರ್ಖತನ ಯಾಕೆ? ಯಾವ ಹಾಡಿನಲ್ಲೇ ಆಗಲಿ, ಮೌತ್ ಆರ್ಗನ್ ಬರುವುದು ಚೂರೇ ಚೂರು. ಜನ ಕಾಯುವುದೂ ಆ ಚೂರಿಗೇ. ಮದುವೆಮನೆಯಲ್ಲಿ ಕೇಕಿನ ಮೇಲಿನ ಗುಲಾಬಿಯನ್ನಷ್ಟೇ ಎತ್ತಿ ತಿಂದ ಹಾಗೆ, ಜನಪ್ರಿಯ ಹಾಡುಗಳ ಪ್ರಸಿದ್ಧ ಚೂರುಗಳನ್ನಷ್ಟೇ ಕಲಿತರೆ ನಾನೂ ವಿದ್ವಾಂಸನೇ! ರೈಲಿನ ಹಾಡಿನ ಚೂರು, ನದಿಯ ಹಾಡಿನ ಚೂರು, ಕೊನೆಗೆ ನಮ್ಮ ಹಾಡಿನ ಚೂರು. ಅಂದೇ ಹೋಗಿ ಒಂದು ಮೌತ್ ಆರ್ಗನ್ನನ್ನೂ ಆ ಹಾಡುಗಳ ಕ್ಯಾಸೆಟ್ಟುಗಳನ್ನೂ ತಂದೆ.

ಮನೆಯೊಳಗೆ ನಿಷೇಧವಾದ್ದರಿಂದ ನನ್ನ ತಪೋಭೂಮಿ ಮನೆಯ ಮುಂದೆ ನಿಲ್ಲಿಸಿದ್ದ ಹಳೆಯ ಬ್ಯೂಕ್ ಕಾರು. ಜುಲೈ ತಿಂಗಳು. ಮೆಂಫಿಸ್ಸಿನ ಜುಲೈಯಲ್ಲಿ ಗಾಜು ಏರಿಸಿಕೊಂಡು ಕಾರಿನಲ್ಲಿ ಕೂರುವುದೆಂದರೆ ಕುಕ್ಕರಿನೊಳಗಿನ ಆಲೂಗಡ್ಡೆಯಾದಂತೆ. ಆದರೂ ಕೂತೆ. ಕ್ಯಾಸೆಟ್ ಹಾಕುವುದು, ಚೂರು ಬಂದಾಗ ಕೇಳುವುದು, ಹಿಂದಕ್ಕೆ ಓಡಿಸುವುದು, ಊದುವುದು. ಮೊದಲು ಹಿಡಿದದ್ದು ರೈಲಿನ ಚೂರು. ಮೊದಲ ದಿನವೇ ಎದುರುಮನೆಯ ಡೆಲೋರಿಸ್, ಸುಂಟರಗಾಳಿಯ ಎಚ್ಚರಿಕೆಯ ಸೈರನ್ ಎಂದು ತಿಳಿದು ಬೆಕ್ಕನ್ನು ಎತ್ತಿಕೊಂಡು ಸ್ನಾನದ ತೊಟ್ಟಿಯಲ್ಲಿ ಅಡಗಿ ಕೂತಳಂತೆ. ಇದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಊದಿ ಊದಿ ಕೆನ್ನೆ ಊದಿಕೊಂಡಿತು, ಸ್ವರ ಮಾತ್ರ ಬರಲಿಲ್ಲ. ಆಮೇಲೆ ತಿಳಿಯಿತು, ಈ ಹಾಡುಗಳ ಮರ್ಮವೆಲ್ಲ ಊದುವುದರಲ್ಲಿಲ್ಲ, ಒಳಕ್ಕೆ ಎಳೆಯುವುದರಲ್ಲಿದೆ ಎಂದು. ಎಳೆದೆ. ತಲೆ ತಿರುಗಿತು. ಮತ್ತೆ ಎಳೆದೆ. ಈ ಸಲ ಮೀಸೆ ಸಿಕ್ಕಿಕೊಂಡಿತು.

ನನ್ನ ಮೀಸೆಯನ್ನು ನೀವು ನೋಡಿಲ್ಲ. ದಟ್ಟವಾದ, ಅಂಚಿನಲ್ಲಿ ಸ್ವಲ್ಪ ಬೆಳ್ಳಿ ಬೆರೆತ, ಬಸ್ಸಿನಲ್ಲಿ ಶಾಲೆಯ ತುಂಟರು ಕೂಡ ಗೌರವಿಸುತ್ತಿದ್ದ ಮೀಸೆ. ಅದರ ಎಡಭಾಗ ಮೌತ್ ಆರ್ಗನ್ನಿನ ತಗಡಿನ ಸಂದಿಗೆ ಹೊಕ್ಕು ಬಿಗಿದುಕೊಂಡಿತು. ಈ ಕಡೆ ಎಳೆದರೆ ಕಣ್ಣಲ್ಲಿ ನೀರು, ಆ ಕಡೆ ಎಳೆದರೆ ಬಾಯಲ್ಲಿ ಬೈಗುಳ. ಬೈದರೆ ಅದೂ ಸಂಗೀತವಾಗಿ ಹೊರಬರುತ್ತಿತ್ತು. ಬೇರೆ ದಾರಿ ಕಾಣದೆ ಮೂಗಿನ ಕೆಳಗೆ ವಾದ್ಯವನ್ನು ತೂಗುಹಾಕಿಕೊಂಡು, ಯಾವ ಮನೆಯಲ್ಲಿ ಅದಕ್ಕೆ ನಿಷೇಧವಿತ್ತೋ ಅದೇ ಮನೆಯೊಳಕ್ಕೆ ನಡೆದೆ.

ವರ್ಲೀನ್ ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು. ಮತ್ತೆ ನೋಡಿದಳು.

"ಅದೇನು, ಅಲಂಕಾರವೋ?"

"ಪೀಂ" ಎಂದೆ. ("ಕತ್ತರಿ" ಎಂದದ್ದು.)

ಕತ್ತರಿ ತಂದಳು. ಕೋಳಿಯ ಕಾಲು ಕತ್ತರಿಸುವ ಕತ್ತರಿ! ಒಂದೇ ಕಚಕ್. ವಾದ್ಯವೂ ಬಂತು, ಅರ್ಧ ಮೀಸೆಯೂ ಬಂತು.

"ಇನ್ನರ್ಧ ನೀನೇ ತೆಗೀತೀಯೋ, ನಾನು ತೆಗೀಲೋ?"

"ತೆಗೆಯಲ್ಲ."

"ಏನಂದೆ?"

"ತೆಗೆಯಲ್ಲ ವರ್ಲೀನ್. ಕಲಿಯೋದನ್ನೂ ಬಿಡಲ್ಲ. ಉಳಿದ ಮೀಸೆ ಉಳಿದೇ ಇರುತ್ತೆ. ಕೇಳಿದೋರಿಗೆ ನೀನೇ ಉತ್ತರ ಹೇಳ್ಕೋ!"

ಆ ಭಾನುವಾರ ನಾನು ಚರ್ಚಿಗೆ ಹೋದದ್ದು ಅರ್ಧ ಮೀಸೆಯಲ್ಲೇ. ಅದೂ ಮುಂದಿನ ಸಾಲಿನಲ್ಲಿ, ತಲೆ ಎತ್ತಿ. ಪಾಸ್ಟರ್ ನನ್ನ ಬಲಗಡೆಯನ್ನು ನೋಡಿ ಪ್ರಾರ್ಥನೆ ಸುರುಮಾಡಿದವರು ಎಡಗಡೆಯನ್ನು ನೋಡಿ ವಾಕ್ಯವನ್ನು ಮರೆತರು. ಹೊರಗೆ ಬಂದಾಗ ಪರ್ನೆಲ್ ಹತ್ತಿರ ಬಂದ.

"ಲೆಮ್, ಮೀಸೆ ಸಿಕ್ಕಿಕೊಳ್ತಾ? ಮೊದಮೊದಲು ನಂಗೂ ಆಗಿತ್ತು. ಬೇಕಿದ್ರೆ ನಾನು ಹೇಳಿಕೊಡ್ತೀನಿ ಬಾರಯ್ಯ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ಹೆಚ್ಚು ಉರಿದದ್ದು. "ನನ್ನ ಹಾಡು ನಂಗೆ ಬರುತ್ತೆ" ಎಂದು ಅರ್ಧ ಮೀಸೆ ತಿರುವಿದೆ.

ಅಂದಿನಿಂದ ಕಾರನ್ನು ನದಿಯ ದಂಡೆಗೆ ಕೊಂಡೊಯ್ದು, ರೈಲಿನ ಚೂರನ್ನೂ ನದಿಯ ಚೂರನ್ನೂ ಕೈಬಿಟ್ಟು, ನಮ್ಮ ಹಾಡಿನ ಚೂರನ್ನೇ ಹಿಡಿದೆ. ಗುರುವಾರ ಸಂಜೆ ಚರ್ಚಿನಲ್ಲಿ ವಾದ್ಯಮೇಳದವರ ಜೊತೆ ವರ್ಲೀನಳ ಅಭ್ಯಾಸ ನಡೆಯುತ್ತಿತ್ತು. ನಾನು ಆ ಕಡೆ ತಲೆಹಾಕಲಿಲ್ಲ. ಪರ್ನೆಲ್ ಇರುವ ಕಡೆ ನಾನೇಕೆ ಹೋಗಲಿ? ಮೀಸೆಯ ಎಡಭಾಗ ಚಿಗುರುವ ಹೊತ್ತಿಗೆ ಚೂರೂ ಕೈಗೆ, ಅಲ್ಲ, ಬಾಯಿಗೆ ಬಂದಿತ್ತು. ಎರಡನೇ ಸಾಲಿನ ಕೊನೆಯಲ್ಲಿ ಒಂದು ಸ್ವರ ಮಾತ್ರ ಬಗ್ಗಲಿಲ್ಲ. ಕ್ಯಾಸೆಟ್ಟಿನಲ್ಲಿ ಅದು ನಿಂತಲ್ಲೇ ಬಾಗಿ, ಬಿಕ್ಕಿ ಕೆಳಗಿಳಿಯುತ್ತದೆ. ನನ್ನದು ಕಂಬದ ಹಾಗೆ ನಿಂತೇ ಇರುತ್ತಿತ್ತು. ಅಲ್ಲಿ ಕೆಮ್ಮಿದರಾಯಿತೆಂದು ತೀರ್ಮಾನಿಸಿದೆ.

ಸಮಾರಂಭದ ದಿನ ಚರ್ಚಿನ ನೆಲಮಾಳಿಗೆ ತುಂಬಿ ತುಳುಕುತ್ತಿತ್ತು. ಕರಿದ ಕೋಳಿ, ಜೋಳದ ರೊಟ್ಟಿ, ಪೀಚ್ ಹಣ್ಣಿನ ಕಡುಬು. ವರ್ಲೀನ್ ಹಳದಿ ಉಡುಪು ತೊಟ್ಟಿದ್ದಳು. ನಿಜ ಹೇಳುತ್ತೇನೆ, ಚಿಕ್ಕಮ್ಮನ ಮನೆಯ ರೇಡಿಯೋದ ಮುಂದೆ ಅವಳು ನಿಂತದ್ದೂ ಹೀಗೇ, ಒಂದು ಕೈ ಸೊಂಟದ ಮೇಲಿಟ್ಟು.

ಹಾಡಿದಳು. ಎರಡು ಚರಣ ಮುಗಿಯಿತು, ಚೂರಿನ ಜಾಗ ಬಂತು. ಪರ್ನೆಲ್ ಪಟ್ಟಿಯಿಂದ ಒಂದನ್ನು ತೆಗೆದು ತುಟಿಯ ಹತ್ತಿರ ತಂದ. ಅಷ್ಟರಲ್ಲಿ ಕೇಕಿನ ಮೇಜಿನ ಹಿಂದಿನಿಂದ ನಾನು ನೆಗೆದೆ! ಕೋಟಿನ ಜೇಬಿನಿಂದ ನನ್ನ ಅಸ್ತ್ರವನ್ನು ಹಿರಿದು, ಕಣ್ಣು ಮುಚ್ಚಿ, ಎದೆ ತುಂಬ ಎಳೆದೆ.

ದೇವರೇ! ಬಂದದ್ದು ಹಾಡಲ್ಲ. ಇಬ್ಬರು ಬಸ್ ಚಾಲಕರು ಒಂದೇ ಬಸ್ಸನ್ನು ಎರಡು ದಿಕ್ಕಿಗೆ ಓಡಿಸಿದರೆ ಎಂಥ ಸದ್ದು ಬರುತ್ತದೋ ಅಂಥದ್ದು. ಒಂದು ಮಗು ಕಿಟಾರನೆ ಕಿರುಚಿತು. ನಾನು ನಿಲ್ಲಿಸಲಿಲ್ಲ. ತಪ್ಪು ವಾದ್ಯಮೇಳದ್ದೇ ಎಂದು ನನಗೆ ಖಾತ್ರಿಯಿತ್ತು. ಇನ್ನೂ ಜೋರಾಗಿ ಎಳೆದೆ.

ಪರ್ನೆಲ್ ಪಕ್ಕಕ್ಕೆ ಬಂದು ಕಿವಿಯಲ್ಲಿ ಉಸುರಿದ: "ಲೆಮ್, ಶ್ರುತಿ ಬೇರೆ. ವರ್ಲೀನಳ ಗಂಟಲು ಈಗ ಮೊದಲಿನಷ್ಟು ಮೇಲೆ ಹೋಗಲ್ಲ ಅಂತ ಹಾಡನ್ನ ಇಳಿಸಿದಾರೆ. ನಿನ್ನದು ಹಳೇ ಶ್ರುತೀದು. ತಗೋ, ಇದರಲ್ಲಿ ನುಡಿಸು."

ತನ್ನದನ್ನೇ ಚಾಚಿದ. ಮೌತ್ ಆರ್ಗನ್ನಿಗೆ ಒಂದೇ ಶ್ರುತಿ, ಏರಿಸಲಾಗದು, ಇಳಿಸಲಾಗದು. ಅಷ್ಟು ನನಗೂ ಗೊತ್ತು. ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಬುದ್ಧಿಯಿರುವವನು ಅದನ್ನು ತೆಗೆದುಕೊಳ್ಳುತ್ತಿದ್ದ.

"ಬೇಡ! ನಾನು ಇದರಲ್ಲೇ ಕಲಿತದ್ದು, ಇದರಲ್ಲೇ ನುಡಿಸೋದು. ಬೇಕಿದ್ರೆ ನೀವೇ ನನ್ನ ಶ್ರುತಿಗೆ ಬನ್ನಿ!" ಎಂದು ಕೂಗಿದೆ.

ವರ್ಲೀನ್ ನನ್ನನ್ನು ಬಹಳ ಹೊತ್ತು ನೋಡಿದಳು. ಇವತ್ತು ರಾತ್ರಿ ಬ್ಯೂಕ್ ಕಾರಿನಲ್ಲೇ ನಿದ್ದೆ ಎಂದುಕೊಂಡೆ. ಅವಳು ವಾದ್ಯದವರ ಕಡೆ ಕೈಯೆತ್ತಿದಳು.

"ಅವನಿರೋ ಶ್ರುತಿಗೇ ಹೋಗಿ."

ಪಿಯಾನೋದವನು ಅನುಮಾನಿಸಿದ. "ಸಿಸ್ಟರ್, ಅಲ್ಲಿಗೆ ಹೋದ್ರೆ ನಿಮಗೆ ಎತ್ತರ ಆಗುತ್ತೆ."

"ಗೊತ್ತಪ್ಪ. ನಲವತ್ತು ವರ್ಷದ ಹಿಂದೆ ನಾನು ಅಲ್ಲೇ ಹಾಡ್ತಿದ್ದದ್ದು. ನಡೀರಿ."

ಮೊದಲಿನಿಂದ ಹಾಡಿದಳು. ಎತ್ತರದ ಜಾಗದಲ್ಲಿ ಗಂಟಲು ಒಡೆಯಿತು. ನಕ್ಕುಬಿಟ್ಟಳು, ನಗುತ್ತಲೇ ಮತ್ತೆ ಹತ್ತಿದಳು. ಈ ಸಲ ಸ್ವರ ಸಿಕ್ಕಿತು. ಚೂರು ಬಂತು. ನಾನು ನುಡಿಸಿದೆ. ಮೊದಲ ಸಾಲು ಸರಿಯಾಗಿ ಬಂತು ಮಾರಾಯರೇ! ಎರಡನೆಯದೂ ಬಂತು. ಕೊನೆಯ ಸ್ವರದ ಹತ್ತಿರ ಶಾಸ್ತ್ರೋಕ್ತವಾಗಿ ಕೆಮ್ಮಿದೆ.

ಚಪ್ಪಾಳೆಗೆ ತಗಡಿನ ತಟ್ಟೆಗಳು ಅಲ್ಲಾಡಿದವು. ನಾನು ತಲೆಬಾಗಿಸಿ ನಮಸ್ಕರಿಸಿ ತಲೆಯೆತ್ತಿ ನೋಡುತ್ತೇನೆ, ಎಲ್ಲರೂ ವರ್ಲೀನಳನ್ನು ಸುತ್ತಿಕೊಂಡಿದ್ದಾರೆ. "ಈ ವಯಸ್ಸಲ್ಲಿ ಆ ಎತ್ತರ!" "ಪಾಪ, ಇಂಥವನ ಜೊತೆ ನಲವತ್ತು ವರ್ಷ!" ಪಾಸ್ಟರ್ ಮಾತ್ರ ನನ್ನ ಭುಜ ತಟ್ಟಿದರು: "ಬ್ರದರ್, ಸುಗ್ಗಿ ಹಬ್ಬಕ್ಕೂ ನೀವಿಬ್ಬರೂ ಇದನ್ನೇ ಮಾಡ್ಬೇಕು. ಸಿಸ್ಟರ್ ಆಗಲೇ ಒಪ್ಪಿದಾರೆ."

ಕಾರು ಮನೆಯ ತಿರುವಿಗೆ ಬಂದಾಗ ವರ್ಲೀನ್ ಬಾಯಿಬಿಟ್ಟಳು.

"ಎರಡನೇ ಸಾಲಿನ ಕೊನೇಲಿ ಅಳೋ ಸ್ವರ ಇದೆಯಲ್ಲ, ಅದನ್ನ ನುಂಗಿಬಿಟ್ಟೆ."

"ಕೆಮ್ಮು ಬಂತು."

"ನಾನು ಗಂಟಲು ಹರ್ಕೊಂಡು ಅಷ್ಟು ಮೇಲೆ ಬಂದದ್ದು ನಿನ್ನ ಕೆಮ್ಮು ಕೇಳೋಕಲ್ಲ ಲೆಮ್."

ಮರುದಿನ, ಇನ್ನೂ ಸೂರ್ಯನೇ ಆಕಳಿಸುತ್ತಿದ್ದ ಹೊತ್ತಿಗೆ, ನನ್ನ ಹೊದಿಕೆ ಹಾರಿಹೋಯಿತು. ನಡುಮನೆಯಲ್ಲಿ ಕ್ಯಾಸೆಟ್ ತಯಾರಾಗಿತ್ತು. ಎದುರಿಗೆ ವರ್ಲೀನ್, ಕೈಯಲ್ಲಿ ಕಾಫಿ, ಗಾಯಕಮೇಳದ ಹುಡುಗಿಯರನ್ನು ನಡುಗಿಸುವ ಆ ಕಣ್ಣು. ಅಂದು ಸುರುವಾದದ್ದು ಇವತ್ತಿಗೂ ನಿಂತಿಲ್ಲ. ಒಂದೇ ಸ್ವರ! ಬೆಳಗ್ಗೆ ಅದೇ, ಊಟಕ್ಕೆ ಮೊದಲು ಅದೇ, ಊಟವಾದ ಮೇಲೂ ಅದೇ. ನಾನು ತಪ್ಪಿದರೆ ಕ್ಯಾಸೆಟ್ ಹಿಂದಕ್ಕೆ ಓಡುತ್ತದೆ. "ಅಳು ಬರಲಿಲ್ಲ" ಎನ್ನುತ್ತಾಳೆ. ನನಗೆ ನಿಜವಾಗಿ ಅಳು ಬರುತ್ತದೆ, ಅದು ವಾದ್ಯದೊಳಕ್ಕೆ ಹೋಗುವುದಿಲ್ಲ.

ಇವತ್ತು ಬೆಳಗ್ಗೆ ನಾನು ಬಂಡಾಯ ಎದ್ದೆ. ಗಂಡಸಿನ ತಾಳ್ಮೆಗೂ ಒಂದು ಮಿತಿಯಿದೆ. ಇನ್ನು ನುಡಿಸಲಾರೆ, ಸುಗ್ಗಿ ಹಬ್ಬವೂ ಬೇಡ, ಪಾಸ್ಟರೂ ಬೇಡ, ಎಲ್ಲಕ್ಕೂ ಸೇರಿಸಿ ಒಂದೇ ಮಾತು ಹೇಳಿಬಿಡಬೇಕೆಂದು ಉಸಿರನ್ನು ಜೋರಾಗಿ ಒಳಕ್ಕೆಳೆದುಕೊಳ್ಳುತ್ತಲೇ ತುಟಿ ಮುಂದೆ ಮಾಡಿ "ಊಹೂಂ!" ಎಂದೆ.

ಸಿಟ್ಟಿನಲ್ಲಿ ಮೌತ್ ಆರ್ಗನ್ನನ್ನು ಬಾಯಿಂದ ತೆಗೆಯುವುದು ಮರೆತಿತ್ತು.

ಸ್ವರ ನಿಂತಲ್ಲೇ ಬಾಗಿತು, ಬಿಕ್ಕಿತು, ಅಳುತ್ತ ಕೆಳಗಿಳಿಯಿತು.

ವರ್ಲೀನ್ ಕಾಫಿ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹಾಂ! ಅದೇ ಲೆಮ್, ಅದೇ! ಎಲ್ಲಿ, ಇನ್ನೊಂದು ಸಲ?"