ದಂತಕ್ಕೆ ತೆಂಗಿನೆಣ್ಣೆ

ನಾನು ಕೈ ಹಾಕಿ ಸರಿಯಾದ ವಸ್ತುಗಳಿಗಿಂತ ಕೈ ಹಾಕದೆ ಬಿಟ್ಟದ್ದರಿಂದ ಉಳಿದುಕೊಂಡ ವಸ್ತುಗಳೇ ಹೆಚ್ಚು. ಕಾಸರಗೋಡು ವಿದ್ಯಾನಗರದ ನಮ್ಮ ಆಫೀಸಿನಲ್ಲಿ ಈ ಗುಣಕ್ಕೆ ಅನುಭವ ಎನ್ನುತ್ತಾರೆ, ಮನೆಯಲ್ಲಿ ಸೋಮಾರಿತನ ಎನ್ನುತ್ತಾರೆ. ಆ ಒಂದು ತಿಂಗಳೂ ಸೋಮಾರಿಯಾಗಿಯೇ ಇದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಶಿರಿಯದಲ್ಲಿ ನಾನಿರುವುದು ಹೆಂಡತಿ ಐರಿನ್‌ಳ ತವರಿನಲ್ಲಿ. ಮನೆಯಳಿಯ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮೀನಿನ ನಡು ತುಂಡನ್ನು ನನಗೇ ಬಡಿಸಿ ನೆನಪಿಸುತ್ತಾರೆ ಅಷ್ಟೆ. ಮಾವ ಒಂದು ಕಾಲದಲ್ಲಿ ಘಟ್ಟದ ಮೇಲಿನ ಕ್ಲಬ್ಬೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಅಲ್ಲಿಂದ ತಂದ ಪೂಲ್ ಕ್ಯೂ, ಅಂದರೆ ಮೇಜಿನ ಮೇಲೆ ಚೆಂಡು ಹೊಡೆಯುವ ಕೋಲು, ಅವರ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿರುತ್ತದೆ. ತುದಿಯ ಚರ್ಮದ ಬಿಲ್ಲೆಯ ಹಿಂದೆ ಒಂದು ಆನೆದಂತದ ಬಳೆ, ಬುಡದಲ್ಲಿ ಇನ್ನೊಂದು. ಆ ದಂತಕ್ಕೆ ಅರಣ್ಯ ಇಲಾಖೆಯ ಸರ್ಟಿಫಿಕೇಟ್ ಉಂಟು, ಲ್ಯಾಮಿನೇಟ್ ಮಾಡಿಸಿದ್ದು. ನಮ್ಮ ಮದುವೆಯ ಸರ್ಟಿಫಿಕೇಟ್ ಎಲ್ಲುಂಟೋ ಯಾರಿಗೂ ಗೊತ್ತಿಲ್ಲ.

ದೊಡ್ಡ ಮಗಳ ಮನೆಗೆಂದು ಒಂದು ತಿಂಗಳಿಗೆ ಮಂಗಳೂರಿಗೆ ಹೊರಟಾಗ ಮಾವ ನನ್ನನ್ನು ಕರೆದು ಪಾಠ ಮಾಡಿದರು. ದಂತಕ್ಕೆ ನೀರು ತಾಗಿಸಬಾರದು, ಬಿಸಿಲಿಗಿಡಬಾರದು, ಮೆತ್ತನೆಯ ಒಣ ಬಟ್ಟೆಯಲ್ಲಿ ಮೆಲ್ಲ ಒರೆಸಿದರೆ ಸಾಕು. ಚೆನ್ನಾಗಿ ನೋಡಿಕೊಂಡರೆ ತನ್ನ ನಂತರ ಇದು ನಿನಗೇ ಎಂದೂ ಸೇರಿಸಿದರು. ಹನ್ನೊಂದು ವರ್ಷಗಳಲ್ಲಿ ಆ ಮನೆಯ ಒಂದು ವಸ್ತು ನನ್ನದಾಗುವ ಮಾತು ಬಂದದ್ದು ಅದೇ ಮೊದಲು. ನನಗೆ ಆ ಕ್ಯೂ ಬೇಕೇ ಬೇಕು ಅನಿಸಿಬಿಟ್ಟಿತು.

ಬೇಕು ಅನಿಸಿದ್ದೇ ತೊಂದರೆ. ದಿನಾ ಪೆಟ್ಟಿಗೆ ತೆರೆದು ನೋಡತೊಡಗಿದೆ. ಒಂದು ದಿನ ತುದಿಯ ದಂತದಲ್ಲಿ ಕೂದಲೆಳೆಯಷ್ಟು ಗೀರು ಕಂಡಿತು. ಒಣಗಿ ಬಿರುಕು ಬಿಡುತ್ತಿದೆ ಎಂದುಕೊಂಡೆ. ನಮ್ಮ ಕಡೆಯವರಿಗೆ ಎಂತದೇ ಒಣಗಿದರೂ ಮದ್ದು ಒಂದೇ, ತೆಂಗಿನೆಣ್ಣೆ. ತಲೆಗೂ ಅದೇ, ಒಡೆದ ಹಿಮ್ಮಡಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಎರಡು ಹನಿ ಹಾಕಿ, ಮಗುವಿನ ನೆತ್ತಿಗೆ ತಟ್ಟುವ ಹಾಗೆ ತಟ್ಟಿ, ಪೆಟ್ಟಿಗೆಯಲ್ಲೇ ಇದ್ದ ಬಟ್ಟೆಯಿಂದ ತಿಕ್ಕಿದೆ. ಆಡುವಾಗ ಕ್ಯೂವಿನ ತುದಿಗೆ ಹಚ್ಚುವ ನೀಲಿ ಚಾಕಿನ ಪುಡಿ ಆ ಬಟ್ಟೆಯ ತುಂಬ ಇತ್ತೆಂದು ನನಗೇನು ಗೊತ್ತು! ಎಣ್ಣೆ ಕುಡಿದ ದಂತ ನೀಲಿಯನ್ನೂ ಕುಡಿಯಿತು. ತಿಕ್ಕಿದಷ್ಟೂ ಬಣ್ಣ ಒಳಗಿಳಿಯಿತು. ಐರಿನ್ ನೋಡಿ, ಅಪ್ಪನಿಗೆ ನೀವೇ ಹೇಳಿ, ಆ ಹೊತ್ತಿಗೆ ನಾನು ಇಗರ್ಜಿಯಲ್ಲಿ ಇರುತ್ತೇನೆ ಎಂದಳು.

ಭಾನುವಾರ ಬಂದ ಮಾವ ಚಹಾ ಕೂಡ ಕುಡಿಯದೆ ಪೆಟ್ಟಿಗೆ ತೆರೆದರು. ದಂತವನ್ನು ನೋಡಿದರು, ಮೂಸಿದರು. ಚರ್ಮದ ತುದಿಯನ್ನು ಬೆರಳಿನಿಂದ ಸವರಿದರು.

"ದಂತ ನೀಲಿ, ತುದಿಯಲ್ಲಿ ಚಾಕೇ ಇಲ್ಲ. ಒಂದು ಚೆಂಡೂ ಹೊಡೆಯಲಿಲ್ಲ ಅಲ್ವಾ?"

"ಇಲ್ಲ ಮಾವ. ಎಣ್ಣೆ ಹಚ್ಚಿದೆ."

"ಆಡಿ ನೀಲಿಯಾಗಿದ್ದರೆ ಬೇಸರ ಇರಲಿಲ್ಲ ಮಾರಾಯ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನಿಜಕ್ಕೂ ನಾಚಿಕೆಯಾಯಿತು. ಸಂಜೆ ಮಾವ ಕ್ಯೂ ಹಿಡಿದು ನನ್ನನ್ನೂ ಐರಿನ್‌ಳನ್ನೂ ಹೊರಡಿಸಿದರು, ಮೂವರೂ ಕಾಸರಗೋಡಿನ ಪೂಲ್ ಟೇಬಲ್ ಇರುವ ಜಾಗಕ್ಕೆ ಹೋದೆವು. ನಾನು ಹೊಡೆದ ಬಿಳಿ ಚೆಂಡು ಮೇಜು ದಾಟಿ ಹಾರಿ ಯಾರದೋ ಬೈಕಿನಡಿ ಸೇರಿತು. ಐರಿನ್ ನನ್ನ ಕೈಯಿಂದ ಕ್ಯೂ ತೆಗೆದುಕೊಂಡು, ಸೆರಗು ಸಿಕ್ಕಿಸಿ ಮೇಜಿನ ಮೇಲೆ ಬಗ್ಗಿದಳು. ಸಾಲಾಗಿ ಮೂರು ಚೆಂಡು ಗುಳಿಗೆ ಬಿದ್ದವು. ಚಿಕ್ಕಂದಿನಲ್ಲಿ ಅಪ್ಪನ ಕ್ಲಬ್ಬಿನಲ್ಲಿ ಸ್ಟೂಲಿನ ಮೇಲೆ ನಿಂತು ಕಲಿತಳಂತೆ. ಹನ್ನೊಂದು ವರ್ಷ ಜೊತೆಗಿದ್ದವನಿಗೆ ಇದು ಗೊತ್ತಿರಲಿಲ್ಲ. ಕ್ಯೂ ಯಾರಿಗೆಂದು ಯಾರೂ ಹೇಳಬೇಕಾಗಲಿಲ್ಲ.

ಈಗ ಶನಿವಾರಗಳಲ್ಲಿ ಅಪ್ಪ ಮಗಳು ಆಡುತ್ತಾರೆ. ಮುಗಿದ ಮೇಲೆ ಕ್ಯೂ ನನ್ನ ಕೈಗೆ ಬರುತ್ತದೆ. ಒರೆಸುವುದರಲ್ಲಿ ನಿನ್ನಷ್ಟು ಶ್ರದ್ಧೆ ಯಾರಿಗೂ ಇಲ್ಲ ಎಂದು ಮೊನ್ನೆ ಮಾವ ಹೊಗಳಿದರು, ಐರಿನ್ ಹೌದೆಂದಳು. ಉಬ್ಬಿಹೋದ ನಾನು ಇನ್ನೊಮ್ಮೆ ಒರೆಸಿದೆ.