ಸಾಲಕ್ಕೆ ಹಾಕಿದ ಮುಯ್ಯಿ

"ನೋಡ್ತಾ ಇರು ಕೀರ್ತನಾ, ಸೋಮವಾರ ಹನ್ನೊಂದು ಗಂಟೆಗೆ ಈ ಕಾರಿನ ಸಾಲಕ್ಕೆ ಎಳ್ಳುನೀರು ಬಿಟ್ಟು ಬರ್ತೀನಿ!"

ದೇವನಹಳ್ಳಿಯ ಕಾಂತರಾಜು ಹೆಂಡತಿಯ ಮುಂದೆ ಹೀಗೆ ಶಪಥ ಮಾಡಿದಾಗ ಅವನ ಎದೆ ಎರಡಂಗುಲ ಮುಂದಕ್ಕೆ ಬಂದಿತ್ತು. ಅವನು ಏರ್‌ಪೋರ್ಟಿನ ಲಗೇಜು ವಿಭಾಗದಲ್ಲಿ ಸೂಪರ್‌ವೈಸರ್. ದಿನಕ್ಕೆ ಸಾವಿರಾರು ಪೆಟ್ಟಿಗೆಗಳನ್ನು ವಿಮಾನಕ್ಕೆ ಹತ್ತಿಸುವ ಗಂಡಸಿಗೆ ಒಂದು ಸಾಲವನ್ನು ಹೆಗಲಿನಿಂದ ಇಳಿಸುವುದು ಯಾವ ಮಹಾ! ಇನ್ನೂ ಎರಡು ವರ್ಷದ ಕಂತು ಬಾಕಿಯಿತ್ತು. ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು. ಅವಧಿಗೆ ಮುಂಚೆಯೇ ಸಾಲ ತೀರಿಸಿದ ಮಹಾನುಭಾವನಿಗೆ ಮಹಡಿ ಮೇಲೊಂದು ಕೋಣೆ ಕಟ್ಟಲು ಯಾವ ಬ್ಯಾಂಕು ತಾನೇ ಸಾಲ ಇಲ್ಲ ಅಂದೀತು?

ಆ ಕೋಣೆ ಬೇಕಾಗಿದ್ದದ್ದು ಕೀರ್ತನಳಿಗೆ. ಅವಳ ಹೊಲಿಗೆ ಕ್ಲಾಸು ನಡೆಯುತ್ತಿದ್ದದ್ದು ನಡುಮನೆಯಲ್ಲಿ. ಆರು ಮೆಷಿನ್ನು, ಹನ್ನೆರಡು ಹುಡುಗಿಯರು, ಮೂಲೆಯಲ್ಲಿ ಪಾಳಿ ಮುಗಿಸಿ ಬಂದು ಮಲಗಿದ ಕಾಂತರಾಜು! ಒಮ್ಮೆ ಒಬ್ಬಳು ಅವನ ಲುಂಗಿಯ ಅಂಚನ್ನೂ ಪರದೆ ಬಟ್ಟೆಗೆ ಸೇರಿಸಿ ಹೊಲಿದುಬಿಟ್ಟಿದ್ದಳು. ಅವನ ತಾಯಿ ಆದಿಲಕ್ಷ್ಮಮ್ಮ ಮೆಷಿನ್ ಸದ್ದಿನಲ್ಲಿ ಟಿವಿ ಧಾರಾವಾಹಿಯನ್ನು ಬರೀ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುವಷ್ಟು ಪಳಗಿದ್ದರು.

ಸೋಮವಾರ ಬಂತು. ಸಾಲ ಮುಚ್ಚಲು ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ಐನೂರು ಕಟ್ಟಬೇಕೆಂದು ಫೈನಾನ್ಸ್ ಕಂಪನಿ ಪತ್ರ ಕೊಟ್ಟಿತ್ತು. ಕಾಂತರಾಜು ನೋಟುಗಳನ್ನು ಕೌಂಟರಿನೊಳಕ್ಕೆ ತಳ್ಳಿ, ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಅವುಗಳ ಮೇಲಿಟ್ಟ.

"ಸಾರ್, ಒಂದ್ರೂಪಾಯಿ ಜಾಸ್ತಿ ಇದೆ," ಅಂದರು ಕೌಂಟರಿನಲ್ಲಿದ್ದ ಆಫೀಸರ್ ಚಿನ್ನಸ್ವಾಮಿ.

"ಇರ್ಲಿ ಬಿಡಿ ಸಾರ್. ಶುಭಕಾರ್ಯ! ಸೊನ್ನೇಲಿ ನಿಲ್ಲಿಸಬಾರ್ದು. ಮದುವೆ ಮನೇಲಿ ಯಾರಾದ್ರೂ ಬರೀ ಐನೂರು ಮುಯ್ಯಿ ಹಾಕ್ತಾರಾ?"

ಹಿಂದೆ ಜನ ಗೊಣಗುತ್ತಿದ್ದರು. ಚಿನ್ನಸ್ವಾಮಿ ಇದ್ದಷ್ಟನ್ನೂ ಕಂಪ್ಯೂಟರಿಗೆ ಬಡಿದು ರಸೀದಿ ಕೊಟ್ಟರು. ಕಾಂತರಾಜು ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ದೇವರ ಪಟದ ಪಕ್ಕ ಇಟ್ಟ. ಬೀದಿಗೆಲ್ಲ ಮೈಸೂರುಪಾಕು ಹಂಚಿದ. ಕಂತು ಕತ್ತರಿಸುತ್ತಿದ್ದ ಬ್ಯಾಂಕ್ ಖಾತೆಯನ್ನು ಬಳಿದು ಖಾಲಿ ಮಾಡಿದ. ಆಮೇಲೂ ಕಂಪನಿಯಿಂದ ಬರುತ್ತಿದ್ದ ಮೆಸೇಜುಗಳನ್ನು, "ಇನ್ನೊಂದು ಸಾಲ ತಗೋ ಅಂತ ಕಾಲಿಗೆ ಬೀಳ್ತಾವ್ರೆ" ಎಂದು ಓದದೆಯೇ ಅಳಿಸಿದ.

ನಾಲ್ಕು ತಿಂಗಳಾದ ಮೇಲೆ ಗಂಡ ಹೆಂಡತಿ ಮಹಡಿ ಸಾಲಕ್ಕೆಂದು ಬ್ಯಾಂಕಿಗೆ ಹೋದರು. ಮ್ಯಾನೇಜರ್ ಕಂಪ್ಯೂಟರ್ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಕಾರಿನ ಸಾಲದಲ್ಲಿ ಮೂರು ಕಂತು ಬಾಕಿ ಇಟ್ಟಿದ್ದೀರಲ್ರೀ. ಕ್ರೆಡಿಟ್ ಸ್ಕೋರ್ ಪಾತಾಳಕ್ಕೆ ಇಳಿದಿದೆ. ಸಾಲ ಕೊಡೋಕಾಗಲ್ಲ."

"ನಾನಾ? ಬಾಕಿನಾ? ರಸೀದಿಗೆ ಲ್ಯಾಮಿನೇಶನ್ ಮಾಡ್ಸಿದೀನಿ ಸಾರ್!"

ಮನೆ ಸೇರಿದ ಕೀರ್ತನ ಕೋಣೆಯ ನಕ್ಷೆಯನ್ನು ಮಡಚಿ ಮೆಷಿನ್ನಿನ ಡ್ರಾಯರಿಗೆ ತುರುಕಿದಳು. ಅವಳು ಬೈದಿದ್ದರೆ ಕಾಂತರಾಜುಗೆ ಎಷ್ಟೋ ಹಾಯೆನಿಸುತ್ತಿತ್ತು.

ಮರುದಿನ ಅವನು ಫೈನಾನ್ಸ್ ಕಂಪನಿಯ ಮೇಲೆ ದಂಡೆತ್ತಿ ಹೋದ. ಅಲ್ಲಿ ಅವನಿಗಿಂತ ದೊಡ್ಡ ದಂಡು ಕಾದಿತ್ತು: ಕಂತು ವಾಪಸಾದದ್ದಕ್ಕೆ ದಂಡ, ತಡವಾದದ್ದಕ್ಕೆ ದಂಡ, ದಂಡದ ಮೇಲೆ ತೆರಿಗೆ, ಒಟ್ಟು ನಾಲ್ಕು ಸಾವಿರದ ಎಂಟುನೂರು!

"ಸಾಲ ತೀರಿಸಿದೋನಿಗೆ ದಂಡಾನಾ? ಇದ್ಯಾವ ನ್ಯಾಯ ಸಾರ್?"

ಚಿನ್ನಸ್ವಾಮಿ ಪರದೆಯನ್ನು ಅವನತ್ತ ತಿರುಗಿಸಿದರು. "ನಿಮ್ಮ ಒಂದ್ರೂಪಾಯಿ ಇನ್ನೂ ಒಳಗೇ ಕೂತಿದೆ ಸಾರ್. ಲೆಕ್ಕ ಸೊನ್ನೆಗೆ ಬಂದ್ರೆ ಮಾತ್ರ ನಮ್ಮ ಸಿಸ್ಟಂ ಖಾತೆ ಮುಚ್ಚುತ್ತೆ. ಮುಚ್ಚಿಲ್ವಲ್ಲ, ಅದಕ್ಕೆ ತಿಂಗಳಾ ತಿಂಗಳಾ ನಿಮ್ಮ ಬ್ಯಾಂಕಿಗೆ ಹೋಗಿ ಕಂತು ಕೇಳಿದೆ. ಅಲ್ಲಿ ದುಡ್ಡಿಲ್ಲ."

"ಹಂಗಾದ್ರೆ ಆ ರೂಪಾಯಿ ಈಚೆಗೆ ತೆಗೀರಿ!"

"ನನ್ನ ಕೈಲಿಲ್ಲ ಸಾರ್. ಸಹಾಯವಾಣಿಗೆ ಫೋನ್ ಮಾಡಿ."

ಮಾಡಿದ. ಮೂರು ವಾರ ಮಾಡಿದ. ಕನ್ನಡಕ್ಕೆ ಎರಡು ಒತ್ತಿದರೆ ಸಂಗೀತ, ದೂರಿಗೆ ಐದು ಒತ್ತಿದರೆ ಇನ್ನಷ್ಟು ಸಂಗೀತ! "ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಹೆಣ್ಣುದನಿಗೆ ಅವನು ನಿದ್ದೆಯಲ್ಲೂ "ಹ್ಞೂಂ ಮೇಡಂ" ಅನ್ನತೊಡಗಿದ. ಕೀರ್ತನ ದಿಂಬು ತೆಗೆದುಕೊಂಡು ಅತ್ತೆಯ ಕೋಣೆಗೆ ಹೋದಳು.

ಒಂದು ದಿನ ಅವನ ಕೂಗಾಟ ಮೆಷಿನ್ ಸದ್ದನ್ನೂ ಮೀರಿತು. ಆದಿಲಕ್ಷ್ಮಮ್ಮ ಎಲೆಗೆ ಸುಣ್ಣ ಸವರುತ್ತಾ ಕೇಳಿದರು:

"ಲೋ, ಮುಯ್ಯಿಗೆ ಒಂದ್ರೂಪಾಯಿ ಯಾಕ್ಲಾ ಸೇರಿಸ್ತಾರೆ?"

"ಸಂಬಂಧ ಅಲ್ಲಿಗೇ ಮುಗೀಬಾರ್ದು, ಮುಂದುವರೀಲಿ ಅಂತ."

"ಸಾಲದ ಜೊತೆ ಸಂಬಂಧ ಮುಂದುವರೀಲಿ ಅಂತ ನೀನೇ ಮುಯ್ಯಿ ಹಾಕ್ಬಂದು, ಈಗ ಯಾರ ಮೇಲ್ಲಾ ಕೂಗಾಡ್ತೀಯ?"

ಆರೂ ಮೆಷಿನ್ನು ನಿಂತವು, ಹನ್ನೆರಡು ಹುಡುಗಿಯರೂ ನಕ್ಕರು. ಕೀರ್ತನಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮೂರು ವಾರದಲ್ಲಿ ಅದೇ ಅವಳ ಮೊದಲ ನಗು. ತನ್ನನ್ನು ನೋಡಿಯೇ ನಗುತ್ತಿದ್ದಾಳೆ ಎಂದು ಗೊತ್ತಿದ್ದೂ ಕಾಂತರಾಜುಗೆ ಅರ್ಧ ಜೀವ ವಾಪಸು ಬಂತು.

ಕಣ್ಣೊರೆಸಿಕೊಂಡ ಕೀರ್ತನ ದೇವರ ಪಕ್ಕದಿಂದ ರಸೀದಿ ಎತ್ತಿಕೊಂಡಳು, ಕಂಪನಿಯ ಪತ್ರವನ್ನೂ ಹುಡುಕಿ ತೆಗೆದಳು. ಎರಡರ ಜೆರಾಕ್ಸ್ ಮಾಡಿಸಿ, ಒಂದು ಪುಟದ ದೂರು ಬರೆದು, ನೇರ ಚಿನ್ನಸ್ವಾಮಿಯ ಮುಂದೆ ಕೂತಳು.

"ಇಷ್ಟು ಕಟ್ಟಿದ್ರೆ ಸಾಲ ಮುಗೀತು ಅಂತ ನಿಮ್ಮ ಪತ್ರಾನೇ ಹೇಳುತ್ತೆ. ಇವ್ರು ಅದಕ್ಕಿಂತ ಜಾಸ್ತೀನೇ ಕಟ್ಟವ್ರೆ. ಜಾಸ್ತಿ ಕೊಟ್ಟೋರು ಬಾಕಿದಾರರು ಹೆಂಗಾಗ್ತಾರೆ ಸಾರ್?"

ಚಿನ್ನಸ್ವಾಮಿ ಪತ್ರವನ್ನೂ ರಸೀದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ದಂಡ ತೆಗೀರಿ, ಸ್ಕೋರ್ ಸರಿ ಮಾಡ್ಸಿ. ಮೂವತ್ತು ದಿನ ಕಾಯ್ತೀನಿ. ಆಮೇಲೆ ರಿಸರ್ವ್ ಬ್ಯಾಂಕಿಗೇ ಬರೀತೀನಿ. ಈ ನಕಲಿಗೆ ಸೀಲ್ ಹಾಕ್ಕೊಡಿ."

ಇಪ್ಪತ್ತೊಂಬತ್ತನೇ ದಿನ ಪತ್ರ ಬಂತು. ದಂಡವೆಲ್ಲ ವಜಾ! ಸಾಲ ಮುಕ್ತಾಯ! ಸ್ಕೋರ್ ಸರಿಪಡಿಸಲು ಕಳಿಸಿದ್ದಾಗಿದೆ! ಕಾಂತರಾಜು ಪತ್ರವನ್ನು ಮೂರು ಸಲ ಓದಿ, ಕಟ್ಟೆಯ ಮೇಲೆ ಕೂತು, ಉಸಿರು ಬಿಟ್ಟ. ಅಂದು ಎಂಟು ಗಂಟೆ ನಿದ್ದೆ ಮಾಡಿದ. ಯಾವ ಮೇಡಂಗೂ ಹ್ಞೂಂಗುಟ್ಟಲಿಲ್ಲ. ಕೀರ್ತನಳ ದಿಂಬೂ ವಾಪಸು ಬಂದಿತ್ತು. ಕೊನೆಗೆ ಆ ಒಂದು ರೂಪಾಯಿ ಹಿಂತಿರುಗಿ ಪಡೆಯಲು ಅವನು ಅರ್ಜಿ ತುಂಬಿ, ಎರಡು ಫೋಟೋ ಕೊಟ್ಟು, ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕಬೇಕಾಯಿತು.

ಮುಂದಿನ ವರ್ಷದ ಹೊತ್ತಿಗೆ ಮಹಡಿ ಕೋಣೆ ಎದ್ದು ನಿಂತಿತು. ಪೂಜೆಗೆ ಕೀರ್ತನ ಚಿನ್ನಸ್ವಾಮಿಯನ್ನೂ ಕರೆದಿದ್ದಳು. ಅವರು ಒಬ್ಬಟ್ಟಿನ ಊಟ ಮಾಡಿ, ಕವರೊಂದನ್ನು ಆದಿಲಕ್ಷ್ಮಮ್ಮನ ಕೈಗಿತ್ತರು. ಒಳಗೆ ಐನೂರರ ನೋಟು. ಕವರಿನ ಮೇಲೆ ನಾಣ್ಯವಿರಬೇಕಾದ ಜಾಗದಲ್ಲಿ ಬರೀ ಅಂಟು. ನಾಣ್ಯವನ್ನು ಯಾರೋ ಉಗುರಿನಿಂದ ಮೀಟಿ ಕಿತ್ತಿದ್ದರು.

"ಇದ್ಯಾಕಪ್ಪಾ, ಒಂದ್ರೂಪಾಯಿ ಬಿದ್ದೋಯ್ತಾ?" ಅಂದರು ಆದಿಲಕ್ಷ್ಮಮ್ಮ.

"ಬಿದ್ದಿಲ್ಲಮ್ಮಾ, ನಾನೇ ಕಿತ್ತೆ," ಚಿನ್ನಸ್ವಾಮಿ ಕೀರ್ತನಳ ಕಡೆ ನೋಡಿ ಕೈಮುಗಿದರು. "ನಿಮ್ಮನೆ ಜೊತೆ ಸಂಬಂಧ ಇಲ್ಲಿಗೇ ಚುಕ್ತಾ ಆಗ್ಲಿ ಅಂತ!"

ಮುಯ್ಯಿ ಪುಸ್ತಕ ಹಿಡಿದು ಕೂತಿದ್ದ ಕಾಂತರಾಜು ತಲೆ ತಗ್ಗಿಸಿದ. ಕೀರ್ತನ ಅವನ ಹೆಗಲ ಮೇಲಿಂದ ಬಗ್ಗಿ ಹೇಳಿದಳು:

"ಬರ್ಕೊಳ್ರೀ. ಐನೂರು. ಬರೀ ಐನೂರು."